ರಿಪೋರ್ಟ್ ಯಾವತ್ತು ಬರುತ್ತೆ?

ಸ್ತನದಲ್ಲಿ ಗಡ್ಡೆ ಕಂಡು, ಬಯಾಪ್ಸಿಗೆ ಸೂಜಿ ಹಾಕಿಸಿಕೊಂಡು ಹೊರಬಂದ ಹೆಂಗಸು ಕೌಂಟರಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ದೇಶದ ಯಾವ ಊರಿಗೆ ಹೋದರೂ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: 'ಬಂದಾಗ ಫೋನ್ ಮಾಡ್ತೀವಿ.' ಗುಜರಾತನ್ನೇ ತೆಗೆದುಕೊಳ್ಳಿ: ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಬಯಾಪ್ಸಿ ಮಾಡುವವರಿಗೇನೂ ಬರವಿಲ್ಲ. ಅಹಮದಾಬಾದಿನ ಅಸಾರ್ವಾದಲ್ಲಿರುವ ಗುಜರಾತ್ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1972ರದ್ದು, ನಮ್ಮ ಬೆಂಗಳೂರಿನ ಕಿದ್ವಾಯಿಗಿಂತ ಒಂದು ವರ್ಷ ಹಿರಿಯದು. ರಾಜಸ್ಥಾನ, ಮಧ್ಯಪ್ರದೇಶಗಳ ರೋಗಿಗಳೂ ಅಲ್ಲಿಗೆ ಬರುತ್ತಾರೆ. ಪರೀಕ್ಷೆಗೆ ವ್ಯವಸ್ಥೆಯಿದೆ, ಕಾಯುವವರಿಗೆ ಇಲ್ಲ.

ತಡವಾಗುವುದೇ ತಪ್ಪು ಎಂದು ಲ್ಯಾಬನ್ನು ಬೈಯುವಂತಿಲ್ಲ. ತೆಗೆದ ತುಣುಕು ಕನಿಷ್ಠ ಆರು ಗಂಟೆ ಫಾರ್ಮಲಿನ್‌ನಲ್ಲಿ ನೆನೆಯಬೇಕು. ಆಮೇಲೆ ಅದರ ನೀರಿನಂಶ ತೆಗೆದು, ಮೇಣದಲ್ಲಿ ಅಚ್ಚು ಹಾಕಿ, ಮೂರು-ನಾಲ್ಕು ಮೈಕ್ರಾನ್ ತೆಳುವಿಗೆ ಸೀಳಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಅವಸರ ಮಾಡಿದರೆ ಕೆಡುವುದು ರಿಪೋರ್ಟೇ. ಆದರೆ ಈ ವಿಷಯ ಆಕೆಗೆ ಯಾರೂ ಹೇಳಿರುವುದಿಲ್ಲ. ಮೂರನೇ ದಿನವೂ ಫೋನ್ ಬಾರದಿದ್ದರೆ 'ಕೆಟ್ಟದ್ದೇ ಇರಬೇಕು, ಅದಕ್ಕೇ ಹೇಳ್ತಿಲ್ಲ' ಎಂದು ಮನಸ್ಸು ತಾನೇ ತೀರ್ಪು ಕೊಟ್ಟುಬಿಡುತ್ತದೆ. ದೀಪಾವಳಿಯ ಹೊತ್ತಿನಲ್ಲಂತೂ ಕೇಳುವುದೇ ಬೇಡ. ಗುಜರಾತಿನ ಪೇಟೆಗಳು ಲಾಭ ಪಂಚಮಿಯವರೆಗೆ ಬಾಗಿಲು ಹಾಕಿರುತ್ತವೆ, ರಜೆಯ ಬಿಸಿ ಸಣ್ಣ ಲ್ಯಾಬುಗಳಿಗೂ ತಟ್ಟುತ್ತದೆ. ಮನೆ ತುಂಬ ನೆಂಟರು; ಆಕೆ ಎಲ್ಲರಿಗೂ ಫರಸಾಣ್ ಬಡಿಸುತ್ತ ಫೋನ್ ನೋಡುತ್ತಿರುತ್ತಾಳೆ.

ಈ ಸಂಕಟ ಬರೀ ಮನಸ್ಸಿನದಲ್ಲ. ಬಾಸ್ಟನ್ನಿನ ಎಲ್ವಿರಾ ಲ್ಯಾಂಗ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಬಯಾಪ್ಸಿಯಾದ 126 ಮಹಿಳೆಯರ ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಐದು ದಿನ ಅಳೆದರು. ಐದನೇ ದಿನಕ್ಕೂ ಖಚಿತ ಉತ್ತರ ಸಿಗದವರ ಏರುಪೇರು, ಕ್ಯಾನ್ಸರ್ ಎಂದು ತಿಳಿದವರಿಗಿಂತ ಬೇರೆಯಾಗಿರಲಿಲ್ಲ. ಹಾಗಿದ್ದರೆ ಕಾಯುವ ದಿನಗಳನ್ನು ಚಿಕಿತ್ಸೆಯ ಲೆಕ್ಕದಿಂದ ಹೊರಗಿಡುವುದು ಯಾವ ನ್ಯಾಯ?

'ಧೈರ್ಯವಾಗಿರು, ಏನೂ ಆಗಲ್ಲ' ಎನ್ನುವ ನೆಂಟರ ಉಪಚಾರದಿಂದ ಪ್ರಯೋಜನ ಕಡಿಮೆ. ಅಮೆರಿಕದಲ್ಲಿ ಐದರಲ್ಲಿ ನಾಲ್ಕು ಬಯಾಪ್ಸಿಗಳಲ್ಲಿ ಕ್ಯಾನ್ಸರ್ ಇರುವುದಿಲ್ಲ ಎಂಬ ಸಮಾಧಾನವನ್ನೂ ಇಲ್ಲಿಗೆ ಹಾಗೇ ತರಲಾಗದು. ಅಲ್ಲಿ ಮ್ಯಾಮೊಗ್ರಾಂನಲ್ಲಿ ಕಂಡ ಚುಕ್ಕೆಗೂ ಸೂಜಿ ಹಾಕುತ್ತಾರೆ, ನಮ್ಮವರು ಬರುವುದು ಗಡ್ಡೆ ಕೈಗೆ ಸಿಕ್ಕ ಮೇಲೆ. ಇನ್ನು ಸೂಜಿ ಚುಚ್ಚಿದರೆ ರೋಗ ಹರಡುತ್ತದೆ ಎಂಬ ಮಾತಿಗೆ ವೈದ್ಯಕೀಯ ಆಧಾರವಿಲ್ಲ. ಆದರೂ ಅದನ್ನು ಆಕೆಯ ಕಿವಿಗೆ ಹಾಕುವವರು ಒಬ್ಬರಾದರೂ ಇರುತ್ತಾರೆ.

ಹಾಗಾದರೆ ಕಾಯುವ ಹೊತ್ತನ್ನು ಕಳೆಯುವುದು ಹೇಗೆ? ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ಪರೀಕ್ಷೆ ಬರೆದು ನಾಲ್ಕು ತಿಂಗಳು ಫಲಿತಾಂಶಕ್ಕೆ ಕಾದವರನ್ನು ಮನಶ್ಶಾಸ್ತ್ರಜ್ಞೆ ಕೇಟ್ ಸ್ವೀನಿ ಗಮನಿಸಿದರು. ಆತಂಕವನ್ನು ಅದುಮಲು ಮಾಡಿದ ಕಸರತ್ತುಗಳು ಹೆಚ್ಚಾಗಿ ಫಲಿಸಲಿಲ್ಲ. ತಲೆ ಪೂರ್ತಿ ಮುಳುಗುವ ಕೆಲಸ ಹೊತ್ತನ್ನು ಸಹ್ಯವಾಗಿಸಿತು ಎಂಬುದು ಅವರ ಮುಂದಿನ ಸಂಶೋಧನೆಗಳ ಸಾರ. ಸೂರತ್‌ನಲ್ಲಿ ಮನೆಯಲ್ಲೇ ಕೂತು ಸೀರೆಗೆ ಟಿಕ್ಕಿ ಹಚ್ಚುವ ಹೆಂಗಸಿನಿಂದ 'ಪಾಪ, ರೆಸ್ಟ್ ಮಾಡಲಿ' ಎಂದು ಕೆಲಸ ಕಿತ್ತುಕೊಳ್ಳುವ ಮನೆಯವರು ಇದನ್ನು ಯೋಚಿಸಬೇಕು.

ರಿಪೋರ್ಟ್ ಬರುವ ರೀತಿಯೂ ವಿಚಿತ್ರ. ಅದು ಎಷ್ಟೋ ಸಲ ಪಿಡಿಎಫ್ ಆಗಿ ಮಗನ ವಾಟ್ಸ್‌ಆ್ಯಪಿಗೆ ಬೀಳುತ್ತದೆ, ಅದೂ ಶನಿವಾರ ರಾತ್ರಿ. ಆತ ಗೂಗಲ್ ಮಾಡುತ್ತಾನೆ. 'ಫೈಬ್ರೋಅಡೆನೋಮಾ' ನಿರಪಾಯದ ಗಂಟು ಎಂದು ಸೋಮವಾರ ಡಾಕ್ಟರ್ ಹೇಳುವವರೆಗೆ ಮನೆಯಲ್ಲಿ ಸೂತಕ. ನಿಜಕ್ಕೂ ಕ್ಯಾನ್ಸರ್ ಆಗಿದ್ದರೆ ಅಪ್ಪ-ಮಗ ಸೇರಿ ಮುಚ್ಚಿಡುತ್ತಾರೆ. ಯಾರ ಮೈಯ ಸುದ್ದಿಯೋ ಅವಳಿಗೇ ಕೊನೆಗೆ ಗೊತ್ತಾಗುತ್ತದೆ. ಇದನ್ನು ಪ್ರೀತಿ ಎನ್ನಲು ನನಗೆ ಮನಸ್ಸಿಲ್ಲ.

ಇಂಗ್ಲೆಂಡಿನಲ್ಲಿ 2021ರಿಂದ ಒಂದು ಗುರಿಯಿದೆ: ಶಂಕೆಯಿಂದ ತುರ್ತಾಗಿ ಕಳಿಸಿದ ರೋಗಿಗೆ 28 ದಿನದೊಳಗೆ ಹೌದೋ ಅಲ್ಲವೋ ತಿಳಿಸಬೇಕು. ಅಷ್ಟು ದೊಡ್ಡದು ಸದ್ಯಕ್ಕೆ ಬೇಡ. ಬಯಾಪ್ಸಿ ಚೀಟಿಯ ಮೇಲೆ ಎರಡು ಸಾಲು ಸಾಕು: ಇಂಥ ತಾರೀಖು, ಇಂಥವರು ನಿಮಗೆ ಹೇಳುತ್ತಾರೆ. ತಾರೀಖು ತಪ್ಪುವಂತಿದ್ದರೆ ಅವರೇ ಫೋನ್ ಮಾಡಬೇಕು. ಆಸ್ಪತ್ರೆ ಬರೆದುಕೊಡದಿದ್ದರೆ ರೋಗಿಯೇ ಕೇಳಿ ಬರೆಸಿಕೊಳ್ಳಲಿ, ಯಾರ ನಂಬರಿಗೆ ಕಳಿಸಬೇಕೆಂದೂ ತಾನೇ ಹೇಳಲಿ.

ಹೋಟೆಲ್ ನಡೆಸಲು ನಮ್ಮ ಕರಾವಳಿಯಿಂದ ಹೋಗಿ ಗುಜರಾತಿನ ಈ ಊರುಗಳಲ್ಲಿ ನೆಲೆಸಿದ ಮನೆಗಳ ಹೆಂಗಸರಿಗೆ ತರಕಾರಿ ಚೌಕಾಸಿಗೆ ಸಾಲುವ ಗುಜರಾತಿ ಈ ಭಯವನ್ನು ಹೇಳಿಕೊಳ್ಳಲು ಸಾಲದು. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು.

ಕ್ಯಾನ್ಸರ್ ಎಂದಾದರೂ ಕಾಯುವುದು ತಪ್ಪದು. ಹಾರ್ಮೋನ್ ಗ್ರಾಹಕಗಳ, ಹರ್-2 ಎಂಬ ಪ್ರೋಟೀನಿನ ಪರೀಕ್ಷೆಗೆ ಮತ್ತಷ್ಟು ದಿನ. ಹರ್-2 'ಎರಡು ಪ್ಲಸ್' ಎಂದು ಅಸ್ಪಷ್ಟವಾಗಿ ಬಂದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ. ಆಪರೇಷನ್ ಆದ ಮೇಲೆ ಅಂಚು, ಕಂಕುಳ ಗ್ರಂಥಿಗಳ ವರದಿ. ಇದನ್ನು ಮೊದಲೇ ಹೇಳದಿದ್ದರೆ, ಏನೋ ಮುಚ್ಚಿಡುತ್ತಿದ್ದಾರೆಂದು ಮನೆಯವರು ಮೇಣದ ಬ್ಲಾಕ್ ಹಿಡಿದು ಬೇರೆ ಲ್ಯಾಬಿಗೆ ಓಡುತ್ತಾರೆ. ಅಲ್ಲಿ ಸರದಿ ಮತ್ತೆ ಮೊದಲಿನಿಂದ.