ಶಿಯಾ ಬೆಣ್ಣೆ: ಬಿಳುಪೇ ಗುಣವಲ್ಲ

ಒಡೆದ ತುಟಿ, ಹಿಮ್ಮಡಿಗಳಿಗೆ ಹಚ್ಚುವ ಮುಲಾಮುಗಳಲ್ಲಿ ಶಿಯಾ ಬೆಣ್ಣೆಯ ಹೆಸರು ಈಗ ಎಲ್ಲೆಡೆ ಕೇಳಿಬರುತ್ತಿದೆ. ಆದರೆ ಒಂದು ಡಬ್ಬಿಯ ಬೆಣ್ಣೆ ಕೆನೆಬಣ್ಣದ್ದಾಗಿ ಗಟ್ಟಿಯಾಗಿದ್ದರೆ, ಇನ್ನೊಂದು ಅಚ್ಚ ಬಿಳುಪಾಗಿ ವಾಸನೆಯೇ ಇಲ್ಲದಂತಿರುತ್ತದೆ; ಮತ್ತೊಂದು ಬೆರಳಿಗೆ ತಾಗಿದೊಡನೆ ಕರಗುತ್ತದೆ. ಇವುಗಳಲ್ಲಿ ಯಾವುದು ಉತ್ತಮವೆಂಬ ಸಂದೇಹ ಗೃಹಿಣಿಯರಿಗೆ ಸಹಜವಾದುದೇ.

ಶಿಯಾ ನಮ್ಮ ಹಿಪ್ಪೆ, ಸಪೋಟಗಳ ಕುಟುಂಬಕ್ಕೆ ಸೇರಿದ ಮರ. ಆಫ್ರಿಕದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯದವರೆಗಿನ ಹುಲ್ಲುಗಾವಲಿನಲ್ಲಿ ಬೆಳೆಯುವ ಇದು ಫಲ ಕೊಡಲು 15–20 ವರ್ಷ ಬೇಕು. 1796ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಸಂಚರಿಸಿದ ಮಂಗೋ ಪಾರ್ಕ್, ಉಪ್ಪು ಬೆರೆಸದೆಯೂ ವರ್ಷವಿಡೀ ಕೆಡದ ಈ ಬೆಣ್ಣೆಯನ್ನು ಮೆಚ್ಚಿ ಬರೆದಿದ್ದಾನೆ.

ಈ ಮರದಲ್ಲಿ ಎರಡು ಉಪಜಾತಿಗಳಿವೆ. ಘಾನಾ, ಮಾಲಿ, ಬುರ್ಕಿನಾ ಫಾಸೊಗಳ ಪಶ್ಚಿಮದ ಬೆಣ್ಣೆಯಲ್ಲಿ ಗಟ್ಟಿತನ ನೀಡುವ ಸ್ಟಿಯರಿಕ್ ಆಮ್ಲ ಹೆಚ್ಚು. ಉಗಾಂಡ, ದಕ್ಷಿಣ ಸುಡಾನ್‌ಗಳ ಪೂರ್ವದ ಬೆಣ್ಣೆಯಲ್ಲಿ ಮೃದುತ್ವ ನೀಡುವ ಓಲಿಯಿಕ್ ಆಮ್ಲವೇ ಅರ್ಧಕ್ಕಿಂತ ಅಧಿಕ. ಆದ್ದರಿಂದ ಮೊದಲನೆಯದು ಹಿಮ್ಮಡಿಯ ಮುಲಾಮಿಗೂ ಎರಡನೆಯದು ಮೈಗೆ ತೆಳುವಾಗಿ ಸವರಲೂ ಅನುಕೂಲ. ಇದು ಮೇಲುಕೀಳಿನ ಮಾತಲ್ಲ, ಸ್ವಭಾವದ ಭೇದವಷ್ಟೆ.

ಮೇಲುಕೀಳು ಹುಟ್ಟುವುದು ತಯಾರಿಕೆಯಲ್ಲಿ. ಉದುರಿದ ಹಣ್ಣನ್ನು ಆಯ್ದು, ಬೀಜವನ್ನು ಬೇಯಿಸಿ, ಒಣಗಿಸಿ, ಹುರಿದು, ಅರೆದು, ನೀರಿನೊಡನೆ ನಾದಿ ಬೆಣ್ಣೆ ತೆಗೆಯುವ ಕಷ್ಟದ ಕೆಲಸವನ್ನು ಅಲ್ಲಿಯ ಹಳ್ಳಿಯ ಹೆಂಗಸರೇ ಮಾಡುತ್ತಾರೆ. ಆಯ್ದ ಬೀಜವನ್ನು ಬೇಯಿಸದೆ ರಾಶಿ ಹಾಕಿದರೆ ಅದು ಮೊಳೆತು, ಕೊಬ್ಬು ಒಡೆದು, ಬೆಣ್ಣೆ ಬೇಗನೆ ಕಮಟುತ್ತದೆ. ಹೊಗೆಯಲ್ಲಿ ಒಣಗಿಸಿದರೆ ಹೊಗೆಯ ವಾಸನೆಯೊಡನೆ ಹಾನಿಕರ ಅಂಶಗಳೂ ಸೇರುತ್ತವೆ. ಕಾರ್ಖಾನೆಯ ಶುದ್ಧೀಕರಣವು ಬಣ್ಣ, ವಾಸನೆಗಳನ್ನು ನೀಗಿಸುತ್ತದೆ. ಆದರೆ ಬೆಣ್ಣೆಯ ಸಹಜ ಸಾರಾಂಶಗಳಲ್ಲಿಯೂ ಒಂದು ಪಾಲು ಅದರೊಡನೆ ಹೋಗುತ್ತದೆ. ಹಳದಿ ಬಣ್ಣವನ್ನೂ ಪೂರ್ಣ ನಂಬುವಂತಿಲ್ಲ. ಬೇರಿನ ಬಣ್ಣ ಬೆರೆಸುವ ವಾಡಿಕೆಯೂ ಕೆಲವೆಡೆ ಇದೆ.

ಹಾಗಾದರೆ ಕೊಳ್ಳುವಾಗ ಗಮನಿಸಬೇಕಾದುದೇನು? ತಯಾರಾದ ದೇಶ, ದಿನಾಂಕಗಳನ್ನು ಓದಿರಿ. ಶುದ್ಧೀಕರಿಸದ ಬೆಣ್ಣೆಗೆ ಹುರಿದ ಕಾಳಿನಂಥ ಮಂದ ವಾಸನೆ ಇರುತ್ತದೆ. ಕಮಟು ವಾಸನೆಯಿದ್ದರೆ ಬೇಡ. ಮರಳು ಮರಳಾಗಿರುವುದು ಕಲಬೆರಕೆಯ ಗುರುತಲ್ಲ, ನಿಧಾನವಾಗಿ ಹೆಪ್ಪುಗಟ್ಟಿದುದರ ಫಲ. ಹದವಾಗಿ ಕರಗಿಸಿ ಬೇಗನೆ ತಣಿಸಿದರೆ ನುಣುಪಾಗುತ್ತದೆ. ಮೊದಲು ಮುಂಗೈಯ ಒಳಭಾಗಕ್ಕೆ ಸವರಿ ಒಂದು ದಿನ ಕಾದು ನೋಡುವುದು ಕ್ಷೇಮ. ಬಿಸಿಲು ತಾಗದ ತಂಪಾದ ಜಾಗದಲ್ಲಿ ಇಡಿರಿ.

ನಮ್ಮ ಉತ್ತರ ಕನ್ನಡದ ಮನೆಗಳಲ್ಲಿ ಒಡೆದ ಕಾಲಿಗೆ ಹಚ್ಚುವ ಮುರುಗಲ ತುಪ್ಪವೂ ಬೀಜದ ಕೊಬ್ಬೇ. ಸ್ಟಿಯರಿಕ್ ಆಮ್ಲ ಅದರಲ್ಲಿ ಶಿಯಾಗಿಂತಲೂ ಹೆಚ್ಚು. ಅದರಿಂದಲೇ ಅದು ಅಷ್ಟು ಗಟ್ಟಿ. ದೂರದ ಡಬ್ಬಿಗೆ ಹಣ ತೆರುವ ಮುನ್ನ ನೆರೆಯ ಈ ತುಪ್ಪವನ್ನೂ ಒಮ್ಮೆ ಬಳಸಿ ನೋಡಬಹುದು. ಶಿಯಾವನ್ನೇ ಕೊಳ್ಳುವುದಾದರೆ, ಅದನ್ನು ನಾದಿದ ಕೈಗಳಿಗೆ ನ್ಯಾಯವಾದ ಬೆಲೆ ಸಲ್ಲಿಸುವ ಮಾರಾಟಗಾರರನ್ನು ವಿಚಾರಿಸಿ ಕೊಳ್ಳುವುದು ಲೇಸು.