ಮೊದಲು ರಾಶಿಗೆ ಹೊದಿಕೆ, ಆಮೇಲೆ ಘಟಕ



ಮಂಗಳೂರಿನ ಪಚ್ಚನಾಡಿಯ ಡಂಪಿಂಗ್ ಯಾರ್ಡಿನಿಂದ ಕಪ್ಪು ನೀರು ತೋಡಿಗಿಳಿದ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ಮಾತು ಬರುತ್ತದೆ: ದೊಡ್ಡ ಶುದ್ಧೀಕರಣ ಘಟಕ ಬೇಕು, ಅದಕ್ಕೆ ಅನುದಾನ ಬೇಕು. ಘಟಕ ಬೇಡ ಎನ್ನುವವನು ನಾನಲ್ಲ. ಆದರೆ ಅಲ್ಲಿಂದಲೇ ಶುರುಮಾಡುವುದಕ್ಕೆ ನನ್ನ ತಕರಾರಿದೆ.

ಆ ನೀರು ಬರುವುದಾದರೂ ಎಲ್ಲಿಂದ? ಹಸಿ ಕಸ ಕೊಳೆತು ಬಿಡುವ ರಸ ಒಂದಿಷ್ಟು. ಉಳಿದದ್ದು ಆಕಾಶದಿಂದ ಬಿದ್ದದ್ದು. ಮಂಗಳೂರಿನ ಮಳೆಯನ್ನು ವರ್ಷಕ್ಕೆ 3,500 ಮಿ.ಮೀ. ಎಂದು ಹಿಡಿಯಿರಿ. ಒಂದು ಎಕರೆಯ ಮೇಲೆ ಬೀಳುವುದು ಸುಮಾರು 1.4 ಕೋಟಿ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ 1,400 ಟ್ಯಾಂಕರ್. ಅರ್ಧ ಮೇಲಿಂದಲೇ ಹರಿದುಹೋಯಿತು ಎಂದರೂ ಮಿಕ್ಕರ್ಧ ಕಸದೊಳಗೆ ಇಳಿದು ವಿಷ ಹೊತ್ತು ಕೆಳಗೆ ಬರುತ್ತದೆ. ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯ ಲೆಕ್ಕಕ್ಕೆ ಕಟ್ಟಿದ ಘಟಕ ಜುಲೈಯಲ್ಲಿ ಉಕ್ಕುತ್ತದೆ. ಜುಲೈ ಲೆಕ್ಕಕ್ಕೆ ಕಟ್ಟಿದರೆ ಎಂಟು ತಿಂಗಳು ತುಕ್ಕು ಹಿಡಿಯುತ್ತದೆ.

ಕಸದ ನೀರು ಮನೆಯ ಚರಂಡಿ ನೀರಿನಂತೆಯೂ ಅಲ್ಲ. ಹಳ್ಳ-ಹೊಳೆಗೆ ಬಿಡಬೇಕಾದರೆ ಅದರ ಸಿಒಡಿ (ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 250 ಮಿ.ಗ್ರಾಂ ಮೀರಬಾರದೆಂದು 2016ರ ಘನತ್ಯಾಜ್ಯ ನಿಯಮ ಹೇಳಿತ್ತು; ಕಸದ ರಾಶಿಯಿಂದ ಇಳಿಯುವ ನೀರಿನಲ್ಲಿ ಅದು ಸಾವಿರಗಳಲ್ಲಿ ಇರುವುದು ಸಾಮಾನ್ಯ. ಹಳೆಯ ರಾಶಿಯದಂತೂ ಇನ್ನೂ ಮೊಂಡು. ಬ್ಯಾಕ್ಟೀರಿಯಾ ತಿನ್ನಬಹುದಾದದ್ದೆಲ್ಲ ಮೊದಲೇ ಮುಗಿದು, ಅಮೋನಿಯಾ ಮತ್ತು ಕೊಳೆಯದ ಹಟಮಾರಿ ಪದಾರ್ಥಗಳೇ ಉಳಿದಿರುತ್ತವೆ. ಕೊನೆಗೆ ಸೂಕ್ಷ್ಮ ಪೊರೆಯಿಂದ ಸೋಸುವ ಆರ್‌ಒ ಹಾಕಿದರೆ ಅದು ಉಗುಳುವ ಸಾಂದ್ರ ನೀರನ್ನು ಎಲ್ಲಿ ಚೆಲ್ಲುವುದು ಎಂಬ ಹೊಸ ತಲೆನೋವು.

ಹಳೆಯ ರಾಶಿಯ ಅಡಿಗೆ ಈಗ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ ತೂರಿಸಲಾಗದು. ಮೇಲಿನಿಂದ ಹೊದಿಸಬಹುದಲ್ಲ? ನಮ್ಮೂರಲ್ಲಿ ಸೌದೆ ರಾಶಿಗೂ ಮೇ ತಿಂಗಳಲ್ಲಿ ಟರ್ಪಾಲು ಬೀಳುತ್ತದೆ. ಇದು ನನ್ನ ಸ್ವಂತ ಬುದ್ಧಿಯೇನಲ್ಲ. ಮಳೆಗಾಲ ಶುರುವಾಗುವ ಮೊದಲು ಕಸದ ಮೇಲೆ 40ರಿಂದ 65 ಸೆಂ.ಮೀ. ಮಣ್ಣು ಹಾಕಿ, ಒತ್ತಿ, ನೀರು ಜಾರುವಂತೆ ಇಳಿಜಾರು ಮಾಡಬೇಕು, ಹರಿದುಬರುವ ನೀರನ್ನು ಚರಂಡಿ ತೋಡಿ ಬೇರೆಡೆಗೆ ತಿರುಗಿಸಬೇಕು ಎಂದು 2000ದ ನಿಯಮದಲ್ಲೇ ಇತ್ತು, 2016ರ ನಿಯಮದಲ್ಲೂ ಬಂತು. ಗುಡ್ಡದ ಮೇಲಿನಿಂದ ಬರುವ ಶುದ್ಧ ನೀರು ಕಸ ಮುಟ್ಟದೆ ಹೋದರೆ ಅದನ್ನು ಶುದ್ಧೀಕರಿಸುವ ಖರ್ಚೇ ಇಲ್ಲ.

ಹೇಗೂ ಬಯೋಮೈನಿಂಗ್ (ಹಳೆ ಕಸ ಅಗೆದು ವಿಂಗಡಿಸುವ ಕೆಲಸ) ಮಾಡಿ ರಾಶಿಯನ್ನೇ ತೆಗೆಯುವಾಗ ಮಣ್ಣು ಯಾಕೆ ಎಂದು ಕೇಳುವವರಿದ್ದಾರೆ. ಇಂಥ ರಾಶಿ ಒಂದೇ ಬೇಸಿಗೆಯಲ್ಲಿ ಖಾಲಿಯಾಗುವುದಿಲ್ಲ. ಅಗೆದು ಬಾಯಿ ತೆರೆದಿಟ್ಟ ಕಸ ಮುಟ್ಟದೆ ಬಿಟ್ಟದ್ದಕ್ಕಿಂತ ಹೆಚ್ಚು ನೀರು ಕುಡಿಯುತ್ತದೆ. ಆ ವರ್ಷ ಅಗೆಯದ ಭಾಗಕ್ಕಾದರೂ ಮಣ್ಣು, ಅಗೆದ ಭಾಗಕ್ಕೆ ಟರ್ಪಾಲು ಹಾಕಲೇಬೇಕು.

ಮಳೆ ಮತ್ತು ಈ ರಾಶಿ ಸೇರಿದರೆ ಏನಾಗುತ್ತದೆಂದು ಊರು ಕಂಡಿದೆ: 2019ರ ಆಗಸ್ಟ್‌ನಲ್ಲಿ ಇದೇ ರಾಶಿ ಮಳೆಯ ನಡುವೆ ಜಾರಿ ಪಕ್ಕದ ಮಂದಾರದ ಮನೆ, ತೆಂಗು, ಅಡಿಕೆ ತೋಟಗಳ ಮೇಲೆ ಹೋಗಿ ಕೂತಿತು. ವಿಷಯ ಹೈಕೋರ್ಟಿಗೂ ಹೋಯಿತು. ಕಪ್ಪು ನೀರು ಇಳಿಯುವ ತೋಡು ಸೇರುವುದು ಫಲ್ಗುಣಿ ನದಿಯನ್ನು. ಕೆಳಗೆ ಮರವೂರಿನ ಕಿಂಡಿ ಅಣೆಕಟ್ಟಿನಿಂದ ಹಳ್ಳಿಗಳಿಗೆ ಕುಡಿಯುವ ನೀರು ಹೋಗುತ್ತದೆ.

ಪಾಲಿಕೆ ಪ್ರತಿ ಮೇ ಕೊನೆಗೆ ಎಷ್ಟು ಎಕರೆಗೆ ಹೊದಿಕೆ ಬಿತ್ತು, ಎಷ್ಟು ಮೀಟರ್ ಚರಂಡಿ ತೋಡಿತು ಎಂಬುದನ್ನು ಫೋಟೋ ಸಮೇತ ಪ್ರಕಟಿಸಲಿ. ಯಾರ್ಡಿನ ಸುತ್ತಲ ಬಾವಿಗಳ ಪರೀಕ್ಷೆಯ ವರದಿ ಬೇಸಿಗೆ, ಮಳೆಗಾಲ, ಮಳೆ ನಿಂತ ಮೇಲೆ ಹೀಗೆ ಮೂರು ಸಲ ಪಾಲಿಕೆ ಕಚೇರಿಯ ಗೋಡೆಗೆ ಬರಲಿ, ಕನ್ನಡದಲ್ಲಿ. ಘಟಕದ ಟೆಂಡರ್ ಕರೆಯುವುದಿದ್ದರೆ ಆ ಅಂಕಿ ನೋಡಿಕೊಂಡು ಕರೆಯಲಿ. ಹೊದಿಸಿದ ರಾಶಿಗೆ ಎಷ್ಟು ಸಣ್ಣ ಘಟಕ ಸಾಕೆಂಬುದು ಆಗ ತಿಳಿಯುತ್ತದೆ.

— ಓದುಗ, ವಾಮಂಜೂರು