ರೈಲು ಹತ್ತಿಸಿದ್ದು ಸಾಕು, ಓಡಿಸಲೂ ಬಿಡಿ

2025ರ ಆಗಸ್ಟ್ 10ರಂದು ಬೆಂಗಳೂರಿನ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ ಉದ್ಘಾಟನೆಯಾದಾಗ ಬೊಮ್ಮನಹಳ್ಳಿಯ ಹೋಟೆಲು, ಬಸ್ ಸ್ಟಾಪುಗಳಲ್ಲಿ ಚರ್ಚೆಯಾಗಿದ್ದು ಎರಡೇ ಸಂಗತಿ. ಸಿಲ್ಕ್ ಬೋರ್ಡ್ ಜಾಮ್‌ನಿಂದ ಮುಕ್ತಿ ಸಿಕ್ಕೀತೇ? ಮೂರೇ ರೈಲು ಇಟ್ಟುಕೊಂಡು 25 ನಿಮಿಷಕ್ಕೊಂದು ಬಿಟ್ಟರೆ ಯಾವ ಪುರುಷಾರ್ಥಕ್ಕೆ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಆ ಗದ್ದಲದಲ್ಲಿ ಇನ್ನೊಂದು ಸಂಗತಿ ಯಾರ ಕಿವಿಗೂ ಬೀಳಲಿಲ್ಲ: ಹೊಸೂರು ರಸ್ತೆಯ ನೆತ್ತಿಯ ಮೇಲೆ ಈಗ ಓಡುತ್ತಿರುವುದು ರೇಡಿಯೊ ಮಾತು ಕೇಳಿ ನಡೆಯುವ ರೈಲು.

ನೇರಳೆ, ಹಸಿರು ಮಾರ್ಗಗಳು ಶುರುವಾದಾಗ ಇಲ್ಲದಿದ್ದ ಈ ಏರ್ಪಾಟನ್ನು ಇಂಜಿನಿಯರುಗಳು ಸಿಬಿಟಿಸಿ ಎನ್ನುತ್ತಾರೆ. ತಾನೀಗ ಎಲ್ಲಿದ್ದೇನೆ, ಎಷ್ಟು ವೇಗದಲ್ಲಿದ್ದೇನೆ ಎಂದು ರೈಲು ರೇಡಿಯೊದಲ್ಲಿ ವರದಿ ಒಪ್ಪಿಸುತ್ತಲೇ ಇರುತ್ತದೆ. ಎಲ್ಲಿಯವರೆಗೆ ಮುಂದುವರಿಯಬಹುದು ಎಂಬ ಅಪ್ಪಣೆಯೂ ರೇಡಿಯೊದಲ್ಲೇ ಬರುತ್ತದೆ. ಓಡಾಟ ಶುರುವಾಗಿದ್ದು ಚಾಲಕರನ್ನು ಕೂರಿಸಿಕೊಂಡೇ ಆದರೂ, ಅವರಿಲ್ಲದೆ ಓಡಬಲ್ಲಂತೆ ರೂಪಿಸಿದ ಗಾಡಿಗಳಿವು. ರಾಜ್ಯದ ಇನ್ನೊಂದು ತುದಿಯಲ್ಲಿ, ವಾಡಿ ಮತ್ತು ಬೀದರ್ ಕಡೆಯ ಹಳಿಗಳಲ್ಲಿ ಮೊದಲು ಪರೀಕ್ಷೆಗಿಳಿದ, ರೈಲುಗಳ ಡಿಕ್ಕಿ ತಪ್ಪಿಸುವ 'ಕವಚ' ವ್ಯವಸ್ಥೆಯ ಜೀವಾಳವೂ ರೇಡಿಯೊ ಸಂಪರ್ಕವೇ.

ರೇಡಿಯೊ ಮಾತು ಕೇಳಿ ನಡೆಯುವುದು ಆಟಿಕೆಯ ಲೋಕಕ್ಕೆ ಹಳೇ ಕಥೆ. ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದ ಗಂಟೆ ಬಾರಿಸಿ ತೋರಿಸಿದ್ದು 1895ರಲ್ಲಿ. ಮೂರು ವರ್ಷದ ನಂತರ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲೊಂದು ಪುಟ್ಟ ದೋಣಿ ಬಿಟ್ಟು, ದೂರ ನಿಂತು ಅದನ್ನು ತಿರುಗಿಸಿದ. ಒಳಗೆ ಪಳಗಿಸಿದ ಕೋತಿ ಕೂತಿರಬೇಕು ಎಂದವರೂ ಇದ್ದರಂತೆ. ಆಟಿಕೆ ರೈಲಿನ ಸರದಿ ಬಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1946ರಲ್ಲಿ ಅಮೆರಿಕದ ಲಯನೆಲ್ ಕಂಪನಿ ಗುಂಡಿಗಳ ಪೆಟ್ಟಿಗೆಯೊಂದನ್ನು ಮಾರುಕಟ್ಟೆಗೆ ಬಿಟ್ಟಿತು. ಗುಂಡಿ ಒತ್ತಿದರೆ ಹಳಿಯ ಮೂಲಕವೇ ರೇಡಿಯೊ ಸಂಕೇತ ಹರಿದು, ಬೇಕಾದ ಬೋಗಿ ಮಾತ್ರ ಕಳಚಿಕೊಳ್ಳುತ್ತಿತ್ತು. ಇಂಜಿನ್ ಸೀಟಿ ಹಾಕುತ್ತಿತ್ತು. ದುಬಾರಿ ಸಾಮಾನು, ರಗಳೆಯೂ ಜಾಸ್ತಿ. ಕೆಲವೇ ವರ್ಷಗಳಲ್ಲಿ ಕಂಪನಿ ಕೈಬಿಟ್ಟಿತು. ಆದರೆ ಒಂದೇ ಹಳಿಯ ಮೇಲಿನ ಬೇರೆಬೇರೆ ಗಾಡಿಗಳಿಗೆ ಬೇರೆಬೇರೆ ಆಜ್ಞೆ ಕೊಡುವ ಯೋಚನೆ ಅಲ್ಲಿ ಮೊಳೆತಿತ್ತು.

ಕನ್ನಡಿಗರಿಗೆ ಹೆಚ್ಚು ಹತ್ತಿರದ ಅಧ್ಯಾಯ ಜರ್ಮನಿಯದು. 1968ರಲ್ಲಿ ನ್ಯೂರೆಂಬರ್ಗಿನ ಆಟಿಕೆ ಮೇಳದಲ್ಲಿ ಲೇಮನ್ ಕಂಪನಿಯ ರಿಕ್ಟರ್ ಸೋದರರು ಎಲ್‌ಜಿಬಿ ಎಂಬ ದೊಡ್ಡ ಅಳತೆಯ ರೈಲನ್ನು ತಂದಿಟ್ಟರು. ಮನೆಯೊಳಗಿನ ಮೇಜಿಗಲ್ಲ, ಹೊರಗಿನ ತೋಟಕ್ಕೆ, ಮಳೆ ಬಿಸಿಲಿಗೆ. ಹಳಿಗಳ ನಡುವಿನ ಅಂತರ 45 ಮಿ.ಮೀ., ಗಾತ್ರ ಅಸಲಿನ 22.5ರಲ್ಲಿ ಒಂದು ಪಾಲು. ಗುಣಾಕಾರ ಮಾಡಿ ನೋಡಿ, ಹೆಚ್ಚುಕಡಿಮೆ ಒಂದು ಮೀಟರ್ ಬರುತ್ತದೆ. ಅಂದರೆ ಮೀಟರ್ ಗೇಜ್! 1876–78ರ ಭೀಕರ ಕ್ಷಾಮದ ಬೆನ್ನಿಗೆ ಮೈಸೂರು ಸಂಸ್ಥಾನ ಹಾಕಿಸಿ, 1882ರಲ್ಲಿ ಮೈಸೂರು ಮುಟ್ಟಿಸಿದ ರೈಲುಮಾರ್ಗದ ಗೇಜು ಅದೇ. ಬ್ರಾಡ್ ಗೇಜ್ ಬರುವತನಕ ಬೆಂಗಳೂರು, ಚನ್ನಪಟ್ಟಣ, ಮಂಡ್ಯ, ಮೈಸೂರಿನ ಜನ ಓಡಾಡಿದ್ದು ಆ ಹಳಿಗಳ ಮೇಲೆ. ಆಲ್ಪ್ಸ್ ಬೆಟ್ಟಗಳ ಪುಟ್ಟ ರೈಲುಗಳಿಗೆಂದು ರಿಕ್ಟರ್ ಸೋದರರು ಗೊತ್ತುಮಾಡಿದ ಅಳತೆ ನಮ್ಮ ಹಳೇ ಮೈಸೂರು ರೈಲಿಗೆ ಅಳೆದು ಹೊಲಿಸಿದಂತಿದೆ. ಆ ಅಳತೆಯಲ್ಲಿ ಮೀಟರ್ ಗೇಜಿನ ವೈಪಿ ಉಗಿ ಇಂಜಿನ್ ಮಾಡಿದರೆ ಮುಕ್ಕಾಲು ಮೀಟರಿಗೂ ಉದ್ದ ಬರುತ್ತದೆ. ಬ್ಯಾಟರಿ, ರಿಸೀವರ್, ಸ್ಪೀಕರ್ ಎಲ್ಲವೂ ಕಲ್ಲಿದ್ದಲ ಟೆಂಡರಿನಲ್ಲೇ ಅಡಗಿ ಕೂರುತ್ತವೆ.

ತೋಟದ ರೈಲಿಗೆ ರೇಡಿಯೊ ಬೇಕಾಗಿದ್ದು ಷೋಕಿಗಲ್ಲ. ಹಿತ್ತಾಳೆ ಹಳಿಯಲ್ಲಿ ವಿದ್ಯುತ್ ಹರಿಸಿ ಓಡಿಸುವ ರೈಲು ಮನೆಯೊಳಗೆ ಸರಿ. ಹೊರಗೆ ನಾಲ್ಕು ದಿನ ಮಳೆ ಬಿದ್ದರೆ ಹಳಿ ಕಿಲುಬುಗಟ್ಟಿ ಇಂಜಿನ್ ನಿಂತಲ್ಲೇ ನಿಲ್ಲುತ್ತದೆ. ದಿನಾ ಬೆಳಗ್ಗೆ ಹಳಿ ಉಜ್ಜಲು ಯಾರಿಗೆ ಪುರುಸೊತ್ತು? ನಿಜವಾದ ಉಗಿಯಿಂದಲೇ ಓಡುವ ಇಂಜಿನ್ನುಗಳದು ಇನ್ನೊಂದು ಫಜೀತಿ. ಏರಿನಲ್ಲಿ ಏದುಸಿರು ಬಿಟ್ಟು ಇಳಿಜಾರು ಸಿಕ್ಕಕೂಡಲೇ ಹುಚ್ಚು ಕುದುರೆಯಾಗುತ್ತಿದ್ದವು, ಮಾಲೀಕ ಹಿಂದೆ ಹಿಂದೆ ಓಡಬೇಕಿತ್ತು. ವಿಮಾನದ ಮಾದರಿ ಹಾರಿಸುವವರಲ್ಲಿ ಆಗಲೇ ಬಳಕೆಯಲ್ಲಿದ್ದ ರೇಡಿಯೊ ಪೆಟ್ಟಿಗೆಯನ್ನು ತೋಟದ ರೈಲಿನವರು ಎರವಲು ತಂದರು.

ಕೆಲಸ ನಡೆಯುವ ರೀತಿಯೇ ಚೆಂದ. ಬಾಯ್ಲರಿಗೆ ನೀರು, ಪುಟ್ಟ ಟ್ಯಾಂಕಿಗೆ ಬ್ಯುಟೇನ್ ಅನಿಲ, ಕಡ್ಡಿ ಗೀರಿ ಚಿಮಣಿಯ ಬಾಯಿಗೆ ಹಿಡಿದರೆ ಒಳಗೆ ಪುಕ್ ಎಂದು ಬೆಂಕಿ ಹತ್ತಿಕೊಳ್ಳುತ್ತದೆ. ರೂಪಾಯಿ ನಾಣ್ಯದಷ್ಟಗಲದ ಮಾಪಕದ ಮುಳ್ಳು 40 ಪಿಎಸ್ಐ ಸಮೀಪಕ್ಕೆ ಏರಬೇಕು. ಆಮೇಲೆ ಕೈಯಲ್ಲಿರುವ ರಿಮೋಟಿನ ಕಡ್ಡಿಯನ್ನು ಕೂದಲೆಳೆಯಷ್ಟು ಮುಂದೆ ತಳ್ಳಿದರೆ, ಇಂಜಿನ್ನಿನ ಕ್ಯಾಬಿನೊಳಗೆ ಬೆಂಕಿಪೊಟ್ಟಣದ ಗಾತ್ರದ ಸರ್ವೊ ಮೋಟಾರು ಕಿರ್ರೆಂದು ತಿರುಗಿ ಉಗಿಯ ಕವಾಟ ತೆರೆಯುತ್ತದೆ. ಮೊದಲು ಚಿಮಣಿಯಿಂದ ಬಿಸಿನೀರಿನ ಹನಿಗಳು ಸಿಡಿಯುತ್ತವೆ, ಆಮೇಲೆ ಚಕ್ರ ತಿರುಗುತ್ತದೆ. ಇನ್ನೊಂದು ಕಡ್ಡಿ ಹಿಂದೆ ಮುಂದೆ ಹೋಗುವುದಕ್ಕೆ. ಹಳೆಯ 27 ಮೆಗಾಹರ್ಟ್ಸ್ ಸೆಟ್ಟುಗಳ ಕಾಲದಲ್ಲಿ ಇಬ್ಬರು ಒಂದೇ ಕ್ರಿಸ್ಟಲ್ ಹಾಕಿಕೊಂಡು ಬಂದರೆ ಇವನ ರೈಲು ಅವನ ಮಾತು ಕೇಳುತ್ತಿತ್ತು. 2.4 ಗಿಗಾಹರ್ಟ್ಸ್ ಸೆಟ್ಟುಗಳು ಬಂದ ಮೇಲೆ ಆ ಜಗಳ ಮುಗಿಯಿತು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನಮ್ಮಲ್ಲಿ ಮಕ್ಕಳ ರೈಲು ಎಂದರೆ ಹತ್ತಿ ಕೂರುವ ರೈಲು. ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ಎಕ್ಸ್‌ಪ್ರೆಸ್ ಎಷ್ಟೋ ಮಕ್ಕಳನ್ನು ಸುತ್ತಿಸಿದೆ. 1979ರಲ್ಲಿ ಶುರುವಾದ ಮೈಸೂರಿನ ರೈಲ್ವೆ ಮ್ಯೂಸಿಯಮ್ಮಿನಲ್ಲೂ ಪುಟ್ಟ ರೈಲಿದೆ. ಎರಡೂ ಪ್ರೀತಿಯ ಜಾಗಗಳೇ. ಆದರೆ ಮಗು ಹತ್ತುತ್ತದೆ, ಒಂದು ಸುತ್ತು ಬರುತ್ತದೆ, ಇಳಿದು ಬೊಂಬಾಯಿ ಮಿಠಾಯಿ ಕೇಳುತ್ತದೆ. ಇಂಜಿನ್ ಮುಟ್ಟುವ ಹಾಗಿಲ್ಲ. ಪುಣೆಯ ಕೋಥ್ರೂಡಿನಲ್ಲಿ 1998ರಿಂದ ಇರುವ ಜೋಶಿಯವರ ಪುಟ್ಟ ರೈಲುಗಳ ಸಂಗ್ರಹಾಲಯ ಒಬ್ಬ ನಾಗರಿಕನ ಹವ್ಯಾಸದಿಂದ ಹುಟ್ಟಿದ್ದು. ಇಂಜಿನಿಯರುಗಳ ಊರು ಎಂದು ಬೀಗುವ ಬೆಂಗಳೂರು ಸಾರ್ವಜನಿಕ ಹಣದಲ್ಲಿ ಒಂದು ತೋಟದ ರೈಲು ಮಾಡಲಾರದೇ?

ಜಾಗ ಎಲ್ಲಿ ಎಂದರೆ ಮೊದಲು ನೆನಪಾಗುವುದು ಜಯನಗರದ ಲಕ್ಷ್ಮಣರಾವ್ ಉದ್ಯಾನ. ಹಸಿರು ಮಾರ್ಗಕ್ಕಾಗಿ ಅಲ್ಲಿನ ಮರಗಳಿಗೆ ಕೊಡಲಿ ಬಿದ್ದಾಗ ಜನ ಬೀದಿಗಿಳಿದಿದ್ದರು. ಮೆಟ್ರೊ ನಿಗಮ ಆ ಬಡಾವಣೆಗೆ ಇನ್ನೂ ಬಾಕಿದಾರನೇ. ಆದರೂ ಈ ರೈಲು ಜಯನಗರಕ್ಕೆ ಬೇಡ. ಅಲ್ಲಿ ಪಾರ್ಕು, ಗ್ರಂಥಾಲಯ, ಆಟದ ಮೈದಾನ ಎಲ್ಲವೂ ಇವೆ. ಬೊಮ್ಮನಹಳ್ಳಿಯಲ್ಲಿರುವುದು ಗಾರ್ಮೆಂಟ್ಸ್ ಕಾರ್ಖಾನೆ, ಒತ್ತೊತ್ತಾಗಿ ನಿಂತ ಬಾಡಿಗೆ ಮನೆ, ಹೊಸೂರು ರಸ್ತೆಯ ಹೊಗೆ. ಮಗ್ಗುಲಲ್ಲೇ ಇರುವ ಮಡಿವಾಳ ಕೆರೆಯ ಉದ್ಯಾನದಲ್ಲಿ ನಾಲ್ಕು ಸೈಟಿನಷ್ಟು ಜಾಗ ಬಿಟ್ಟುಕೊಟ್ಟರೆ ಧಾರಾಳವಾಯಿತು.

ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗುವ ಊರಿನಲ್ಲಿ ಆಟಿಕೆ ರೈಲಿಗೇನು ಅವಸರ ಎಂದು ಕೇಳುವವರಿದ್ದಾರೆ. ಕೇಳಲಿ. ಮೊದಲು ಕಾಲುವೆ ಸರಿಯಾಗಲಿ, ಎರಡು ಮಾತಿಲ್ಲ. ಆದರೆ ಉದ್ಘಾಟನೆಯ ಮರುತಿಂಗಳೇ ಒಣಗುವ ವೃತ್ತದ ಕಾರಂಜಿಗಳಿಗೆ ದುಡ್ಡು ಸುರಿಯುವಾಗ ಈ ಪ್ರಶ್ನೆ ಏಳುವುದಿಲ್ಲವಲ್ಲ.

ಸಾಮಾನೆಲ್ಲ ಇಲ್ಲೇ ಸಿಗುತ್ತದೆ. ಮೋಟಾರು, ಸರ್ವೊ, ರಿಸೀವರ್ ಎಸ್.ಪಿ. ರಸ್ತೆಯಲ್ಲಿ, ಚಕ್ರ ಮತ್ತು ಅಚ್ಚು ತಿರುವಲು ಬೊಮ್ಮಸಂದ್ರದ ಲೇತ್‌ಗಳು, ಬೋಗಿಯ ಮೈಗೆ ಚನ್ನಪಟ್ಟಣದ ಹಾಲೆ ಮರ ಮತ್ತು ಅರಗಿನ ಬಣ್ಣ. ಹಳಿ ಮಾತ್ರ ಹಿತ್ತಾಳೆಯದು ಬೇಡ. ರಾತ್ರೋರಾತ್ರಿ ಗುಜರಿ ಅಂಗಡಿ ಸೇರುತ್ತದೆ. ಬ್ಯಾಟರಿ ಗಾಡಿಗೆ ಹಳಿಯಲ್ಲಿ ವಿದ್ಯುತ್ ಹರಿಯಬೇಕಿಲ್ಲವಾದ್ದರಿಂದ ಅಲ್ಯೂಮಿನಿಯಂ ಸಾಕು. ಅನಿಲ, ಬೆಂಕಿಯ ಇಂಜಿನ್ನನ್ನು ದೊಡ್ಡವರು ತಿಂಗಳಿಗೊಮ್ಮೆ ಓಡಿಸಿ ತೋರಿಸಲಿ. ಉಳಿದ ದಿನ ಸುತ್ತಲಿನ ಸರ್ಕಾರಿ ಶಾಲೆಗಳಿಗೆ ಸರದಿ ಹಾಕಲಿ. ಗಾಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು 'ಮುಟ್ಟಬೇಡಿ' ಎಂದು ಬರೆಯದಿದ್ದರೆ ಸಾಕು. ನಿರ್ವಹಣೆಗೆ ಟಿಕೆಟ್ ಬೇಕೇ ಬೇಕು ಎನ್ನುವುದಾದರೆ ಐದು ರೂಪಾಯಿ ಇಡಲಿ. ಆ ಐದು ರೂಪಾಯಿಗೆ ರಿಮೋಟ್ ಮಗುವಿನ ಕೈಗೆ ಬರಬೇಕು. ಗಾಡಿ ಹಳಿ ತಪ್ಪಿದರೆ ಎತ್ತಿ ಕೂರಿಸುವ ಕೆಲಸವೂ ಆ ಮಗುವಿನದೇ.